ಎಣ್ಣೆಗೆ ಬಿಟ್ಟ ನೆಲ

ಪ್ರತಿ ವರ್ಷ ಸಾರಿಗೆಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ನಾನು ಐದು ಅಂಶ ಬರೆಯುತ್ತೇನೆ. ಕೊಳವೆ ಮಾರ್ಗದ ಅನುಕೂಲಗಳು: ಒಂದು, ಒಮ್ಮೆ ಹಾಕಿದರೆ ಸಾಗಣೆ ಖರ್ಚು ಕಡಿಮೆ. ಎರಡು, ಹಗಲೂ ರಾತ್ರಿ ಹರಿಯುತ್ತದೆ. ಮೂರು, ಮಳೆ, ಮುಷ್ಕರಗಳ ಅಡ್ಡಿ ಇಲ್ಲ. ನಾಲ್ಕು, ದಾರಿಯಲ್ಲಿ ಸೋರಿ ಹಾಳಾಗುವುದು ಕಡಿಮೆ. ಐದು, ರಸ್ತೆ ಮತ್ತು ರೈಲಿನ ಮೇಲಿನ ಹೊರೆ ಇಳಿಯುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಒಪ್ಪಿಸುತ್ತಾರೆ, ನಾನು ಅಂಕ ಕೊಡುತ್ತೇನೆ. ಐದರಲ್ಲಿ ಒಂದೂ ಸುಳ್ಳಲ್ಲ. ಆದರೂ ಈಚೆಗೆ ಸೀಮೆಸುಣ್ಣ ಕೆಳಗಿಡುವಾಗ ಏನೋ ಬಾಕಿ ಉಳಿಯಿತು ಅನ್ನಿಸುತ್ತದೆ.

ನನ್ನ ವಯಸ್ಸಿನವರಿಗೆ ಎಣ್ಣೆ ಅಂದರೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ಸಾಲು. ನ್ಯಾಯಬೆಲೆ ಅಂಗಡಿಯ ಮುಂದೆ ನಾವು ಬರುವ ಮೊದಲೇ ಡಬ್ಬಗಳು ಬಂದು ಕೂತಿರುತ್ತಿದ್ದವು. ಯಾರ ಡಬ್ಬ ಯಾರದರ ಹಿಂದೆ ಎನ್ನುವುದಕ್ಕೆ ಜಗಳ. ಬತ್ತಿಯ ಸ್ಟವ್ ಭುಸುಗುಟ್ಟಿ ಆರಿಹೋದರೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಸೌದೆ ಒಲೆಗೆ ಊದುಕೊಳವೆ ಹಿಡಿಯುತ್ತಿದ್ದಳು. ಅರಸೀಕೆರೆ ಜಂಕ್ಷನ್ನಿನಲ್ಲಿ ಎಣ್ಣೆಯ ಟ್ಯಾಂಕರ್ ಗಾಡಿ ಬಂದು ನಿಂತರೆ ನಾವು ಮಕ್ಕಳು ಡಬ್ಬಿ ಎಣಿಸುತ್ತಿದ್ದೆವು. ಅಷ್ಟೊಂದು ಎಣ್ಣೆ ನಮ್ಮೂರ ಮೇಲೇ ಹೋಗುತ್ತಿದ್ದರೂ ನಮ್ಮ ಮನೆಗೆ ಬರುವುದು ತಿಂಗಳಿಗೆ ಇಷ್ಟೇ ಲೀಟರ್ ಏಕೆ ಎಂದು ಕೇಳಿದರೆ ಅಪ್ಪ ನಗುತ್ತಿದ್ದರು.

ಈಗ ಎಣ್ಣೆ ಹೋಗುವುದು ಬಹುಪಾಲು ಕಣ್ಣಿಗೆ ಕಾಣದ ಹಾಗೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಕೆಲಸ ಶುರುಮಾಡಿದ್ದು 1996ರಲ್ಲಿ. ಅಲ್ಲಿ ತಯಾರಾದ ಪೆಟ್ರೋಲು, ಡೀಸೆಲ್ಲುಗಳನ್ನು ಘಟ್ಟ ಹತ್ತಿಸಿ ಬೆಂಗಳೂರಿಗೆ ಮುಟ್ಟಿಸಲು ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ 2003ರಲ್ಲಿ ಬಂತು. ಉದ್ದ ಸುಮಾರು 360 ಕಿಲೋಮೀಟರ್. ಘಟ್ಟದ ಬುಡದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿರುವ ಪಂಪುಗಳು ಎಣ್ಣೆಯನ್ನು ಮೇಲಕ್ಕೆ ದೂಡುತ್ತವೆ. ಅಲ್ಲಿಂದ ಹಾಸನ, ಹಾಸನದಿಂದ ಬೆಂಗಳೂರಿನ ಹೊರವಲಯದ ದೇವನಗೊಂತಿ.

ಒಂದೇ ಪೈಪಿನಲ್ಲಿ ಪೆಟ್ರೋಲು, ಡೀಸೆಲ್ಲು ಎರಡೂ ಹೇಗೆ ಹೋಗುತ್ತವೆ ಎಂದು ಮಕ್ಕಳು ಕೇಳುತ್ತಾರೆ. ನನಗೂ ಬಹಳ ದಿನ ಅರ್ಥವಾಗಿರಲಿಲ್ಲ. ಒಂದರ ಹಿಂದೆ ಒಂದನ್ನು ಬಿಡುತ್ತಾರೆ. ಪೈಪು ತುಂಬಿಕೊಂಡಿದ್ದು ಒತ್ತಡವೂ ಸರಿಯಾಗಿದ್ದರೆ ಎರಡೂ ಸೇರುವ ಕಡೆ ಸ್ವಲ್ಪ ಮಾತ್ರ ಬೆರೆಯುತ್ತದೆ. ಆ ಬೆರಕೆಯನ್ನು ಗುರುತಿಸಿ ಬೇರೆ ತೊಟ್ಟಿಗೆ ಇಳಿಸಿಕೊಳ್ಳುತ್ತಾರೆ. ಒಳಗಿನ ವೇಗವೂ ನಾವು ಅಂದುಕೊಳ್ಳುವಷ್ಟಿಲ್ಲ, ಸಾಮಾನ್ಯವಾಗಿ ಮನುಷ್ಯ ಬಿರುಸಾಗಿ ನಡೆಯುವಷ್ಟು. ಮಂಗಳೂರಿನಲ್ಲಿ ಹೊರಟ ಎಣ್ಣೆ ಮೂರು ನಾಲ್ಕು ದಿನ ನಡೆದು ಬೆಂಗಳೂರು ಸೇರುತ್ತದೆ ಅನ್ನಿ, ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರ ಹಾಗೆ, ಆದರೆ ರಾತ್ರಿ ಮಲಗುವುದಿಲ್ಲ.

ಆ ಎಣ್ಣೆಯೂ ನಮ್ಮದಲ್ಲ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬರುವುದು. ಕೊಲ್ಲಿಯಲ್ಲಿ ಯುದ್ಧವಾದರೆ ನಮ್ಮ ಒಲೆಯ ಕೆಳಗೆ ಚಳಿ ಹತ್ತುತ್ತದೆ. 1990ರಲ್ಲಿ ಇರಾಕಿನವರು ಕುವೈತಿಗೆ ನುಗ್ಗಿದಾಗ ನಮ್ಮೂರ ಸೀಮೆಎಣ್ಣೆ ಸಾಲಿನಲ್ಲಿಯೂ ಅದೇ ಮಾತು. ಹಿಂದೆ ನಮ್ಮ ಹಿರಿಯರು ಬರಗಾಲಕ್ಕೆಂದು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಅದೇ ಬುದ್ಧಿಯಿಂದ ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಬಂಡೆ ಕೊರೆದು ಕಚ್ಚಾ ತೈಲದ ಹಗೇವು ಮಾಡಿದ್ದಾರೆ. ಮಂಗಳೂರಿನದರಲ್ಲಿ 15 ಲಕ್ಷ ಟನ್, ಪಾದೂರಿನದರಲ್ಲಿ 25 ಲಕ್ಷ ಟನ್ ಹಿಡಿಯುತ್ತದೆ. ಹಗೇವು ಎಲ್ಲಿದ್ದರೂ ಕಾಳು ಅಡುಗೆಮನೆಗೆ ಬರಲು ದಾರಿ ಬೇಕು. ಆ ದಾರಿಯೇ ಪೈಪು.

ಗ್ಯಾಸಿನ ಕತೆಯೂ ಅದೇ. ಸಿಲಿಂಡರಿಗೆ ತುಂಬುವ ಅನಿಲ ಮಂಗಳೂರಿನಿಂದ ದೊಡ್ಡ ಟ್ಯಾಂಕರುಗಳಲ್ಲಿ ಶಿರಾಡಿ ಘಟ್ಟ ಹತ್ತಿ ಬರುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಮಗುಚಿ ಬೆಂಕಿ ಹತ್ತಿಕೊಂಡಿತು. ರಸ್ತೆ ಬದಿಯ ಮನೆಗಳಲ್ಲಿ ತಮ್ಮ ಪಾಡಿಗೆ ತಾವಿದ್ದ ಜನ ಸುಟ್ಟುಹೋದರು. ಆ ದಿನದ ಪತ್ರಿಕೆ ಮಡಚಿಟ್ಟು ಒಲೆ ಹಚ್ಚಲು ಹೋದವಳಿಗೆ ಕೈ ನಡುಗಿತು. 2016ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನವರು ಮಂಗಳೂರಿನಿಂದ ಹಾಸನ, ಮೈಸೂರುಗಳಿಗಾಗಿ ಸೋಲೂರಿನವರೆಗೆ 397 ಕಿಲೋಮೀಟರ್ ಉದ್ದದ ಅಡುಗೆ ಅನಿಲದ ಪೈಪು ಮುಗಿಸಿದಾಗ ನನಗೆ ನಿಜವಾಗಿ ಸಮಾಧಾನವಾಯಿತು. ಘಟ್ಟದ ತಿರುವುಗಳಲ್ಲಿ ಅಷ್ಟು ಟ್ಯಾಂಕರ್ ಕಡಿಮೆಯಾದರೆ ಅಷ್ಟು ಜೀವ ಉಳಿದ ಹಾಗೆ. ಆದ್ದರಿಂದ ಪೈಪು ಬೇಡ ಎನ್ನುವವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದು ನನ್ನ ಅಕ್ಕನ ವಿಷಯ.

ಅಕ್ಕನನ್ನು ಕೊಟ್ಟದ್ದು ಹಾಸನದ ಆಚೆಯ ಒಂದು ಹಳ್ಳಿಗೆ. ಮೂರು ಎಕರೆ ತೆಂಗಿನ ತೋಟ, ಒಂದಿಷ್ಟು ಹೊಲ. ಭಾವ ಓದಿದ್ದು ನಾಲ್ಕನೆಯ ತರಗತಿ. ಅಕ್ಕನ ಮಗಳು ಹೈಸ್ಕೂಲಿನಲ್ಲಿದ್ದ ವರ್ಷ ಅವರ ಮನೆಗೆ ಒಂದು ನೋಟೀಸು ಬಂತು. ನಮ್ಮ ಜಿಲ್ಲೆಯಲ್ಲಿ ಪೈಪುಗಳು ಒಂದಕ್ಕಿಂತ ಹೆಚ್ಚಿವೆ. ಇದು ಯಾರದು ಎನ್ನುವುದು ಇಲ್ಲಿ ಬೇಕಿಲ್ಲ. ಸರ್ಕಾರಿ ಕನ್ನಡ, ಸರ್ವೆ ನಂಬರು, ಕಾಯಿದೆಯ ಹೆಸರು. ಭಾವನಿಗೆ ತಲೆಬುಡ ತಿಳಿಯಲಿಲ್ಲ. "ನಮ್ಮ ಮೇಷ್ಟ್ರಮ್ಮ ಇದಾಳಲ್ಲ, ಓದಿ ಹೇಳ್ತಾಳೆ" ಎಂದು ಅರಸೀಕೆರೆ ಕಡೆಗೆ ಬರುತ್ತಿದ್ದ ಪಕ್ಕದ ಮನೆಯವರ ಕೈಲಿ ಕಳಿಸಿದರು.

ಅದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕಾಲ. ನಾನು ಲಕೋಟೆ ತೆಗೆದುಕೊಂಡೆ, ಬಂದವರಿಗೆ ಕಾಫಿ ಕೊಟ್ಟೆ, ಲಕೋಟೆಯನ್ನು ಬೀರುವಿನಲ್ಲಿ ಸೀರೆಯ ಕೆಳಗಿಟ್ಟೆ. ನೆನಪಾಗಿ ತೆಗೆದು ಓದಿದಾಗ ತಿಂಗಳು ದಾಟಿತ್ತು.

1962ರ ಒಂದು ಕಾಯಿದೆ ಇದೆ. ಅದರ ಪ್ರಕಾರ ಪೈಪು ಹಾಕುವವರು ಜಮೀನು ಕೊಂಡುಕೊಳ್ಳುವುದಿಲ್ಲ. ಅದರೊಳಗೆ ಪೈಪು ಹಾಯಿಸುವ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಪಹಣಿಯಲ್ಲಿ ಹೆಸರು ನಮ್ಮದೇ. ಪೈಪು ಹೂತು ಮಣ್ಣು ಮುಚ್ಚಿದ ಮೇಲೆ ರಾಗಿ, ಹುರುಳಿ, ತರಕಾರಿ ಬೆಳೆದುಕೊಳ್ಳಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವ ಹಾಗಿಲ್ಲ, ಬಾವಿ, ಕೆರೆ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಪಟ್ಟಿಯ ಅಗಲ ಸಾಮಾನ್ಯವಾಗಿ 18 ಮೀಟರ್, ನಮ್ಮ ಲೆಕ್ಕದಲ್ಲಿ ಅರವತ್ತು ಅಡಿ. ಹಾಳಾದ ಬೆಳೆಗೆ, ಕಡಿದ ಮರಕ್ಕೆ ಪರಿಹಾರವುಂಟು. ಅದಲ್ಲದೆ ಆ ಪಟ್ಟಿಯ ಜಮೀನಿನ ಬೆಲೆಯಲ್ಲಿ ನೂರಕ್ಕೆ ಹತ್ತು. ತಕರಾರು ಇದ್ದವರು 21 ದಿನದೊಳಗೆ ಬರೆದುಕೊಡಬೇಕು. ಕೊಟ್ಟವರ ಮಾತನ್ನು ಅಧಿಕಾರಿ ಕರೆಸಿ ಕೇಳಬೇಕು.

ಇಪ್ಪತ್ತೊಂದು ದಿನ. ಅಷ್ಟರಲ್ಲಿ ಒಂದು ಕಾಗದ ಬರೆದಿದ್ದರೆ ಪೈಪು ತೋಟ ಬಿಟ್ಟು ಬೇಲಿಯ ಪಕ್ಕ ಸರಿಯುತ್ತಿತ್ತೇ? ಸರಿಯುತ್ತಿರಲಿಲ್ಲವೇನೋ. ಮುನ್ನೂರು ನಾನೂರು ಕಿಲೋಮೀಟರಿನ ಗೆರೆ ನಮ್ಮ ಒಬ್ಬರ ತೋಟಕ್ಕಾಗಿ ಸೊಟ್ಟಗಾಗುತ್ತದೆಯೇ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬರೆಯಬೇಕಾದವಳು ನಾನಾಗಿದ್ದೆ, ಬರೆಯಲಿಲ್ಲ. ಅಕ್ಕನ ಹತ್ತಿರ ಹೋಗಿ, "ದೇಶಕ್ಕೆ ಒಳ್ಳೇದಾಗೋ ಕೆಲಸ ಕಣಕ್ಕ, ಯಾರೂ ತಡೆಯೋಕಾಗಲ್ಲ" ಎಂದೆ. ತರಗತಿಯ ಐದು ಅಂಶಗಳನ್ನೂ ಒಪ್ಪಿಸಿದೆ. ತಿಂಗಳು ದಾಟಿದ ವಿಷಯ ಹೇಳಲಿಲ್ಲ. ಅಕ್ಕ ಕೇಳಿಸಿಕೊಂಡು, "ನೀನು ಓದಿದೋಳು, ನಿಂಗೆ ಗೊತ್ತಿರ್ತದೆ" ಎಂದಳು.

ಇಪ್ಪತ್ತೇಳು ಮರ ಹೋದವು. ಅಕ್ಕನ ಅತ್ತೆ ಹೊತ್ತು ನೀರು ಹಾಕಿ ಬೆಳೆಸಿದ ಮರಗಳು. ಲೆಕ್ಕದ ಕಾಗದದಲ್ಲಿ ಐದು ಮರ ಎಳೆಯ ಗಿಡಗಳೆಂದು ದಾಖಲಾಗಿದ್ದವು. ಭಾವ ಆ ಐದಕ್ಕಾಗಿ ಒಂದು ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿದರೋ. ಕೊನೆಗೆ ಬಸ್ ಚಾರ್ಜಿಗೆ ಹೆಚ್ಚಾಯಿತೆಂದು ಬಿಟ್ಟುಬಿಟ್ಟರು. ಪರಿಹಾರದ ಹಣ ಬಂತು, ಮಗಳ ಮದುವೆಗೆ ಆಯಿತು. ಆದರೆ ತೆಂಗಿನ ಮರ ಒಂದು ಸಲದ ದುಡ್ಡಲ್ಲ ಎಂದು ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಿಲ್ಲ. ಕಾಯಿ, ಕೊಬ್ಬರಿ, ಗರಿ, ಮಟ್ಟೆ, ಎಲ್ಲಾ ಸಂಸಾರದ ಕೈಗಾವಲು. ತೋಟದ ನಡುವೆ ಈಗ ಬೈತಲೆ ತೆಗೆದ ಹಾಗೆ ಬಯಲು. ಎರಡೂ ಕಡೆ ಮರ, ಮಧ್ಯೆ ಹುರುಳಿ. ತುದಿಯಲ್ಲಿ ಒಂದು ಗುರುತಿನ ಕಂಬ, ಅದರ ಮೇಲೆ ಅಗೆಯಬಾರದೆಂಬ ಎಚ್ಚರಿಕೆ, ಒಂದು ಫೋನ್ ನಂಬರು. ಪೈಪಿನ ದಾರಿ ಕಾಯುವ ಹುಡುಗನೊಬ್ಬ ದಿನಾ ನಡೆದುಕೊಂಡು ಬರುತ್ತಾನೆ. ಬಿಸಿಲಿನಲ್ಲಿ ಬಂದರೆ ಅಕ್ಕ ಮಜ್ಜಿಗೆ ಕೊಡುತ್ತಾಳೆ.

ಇದೆಲ್ಲ ಹಳೆಯ ಮಾತಾಗಿತ್ತು. ಮತ್ತೆ ಎದ್ದು ಕೂತದ್ದು ಕಳೆದ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ. ಜಾವಗಲ್ ದಾರಿಯಲ್ಲಿ ಹಳೇಬೀಡು, ಅಲ್ಲಿಂದ ಬೇಲೂರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮ ಮಕ್ಕಳಿಗೂ ಅಲ್ಲಿಗೆ ಹೋಗುವುದೆಂದರೆ ಒಂದು ಹೆಮ್ಮೆ. ಹಳೇಬೀಡಿನಲ್ಲಿ ಆನೆಯ ಸಾಲು ಎಣಿಸುವುದಕ್ಕೇ ಅರ್ಧ ಗಂಟೆ. ಬೇಲೂರಿಗೆ ಬರುವಷ್ಟರಲ್ಲಿ ಎಲ್ಲರಿಗೂ ಹಸಿವು. ಆದರೂ ಚೆನ್ನಕೇಶವನ ಗುಡಿಯಲ್ಲಿ ಶಾಸನ ತೋರಿಸದೆ ಬಿಡುವವಳಲ್ಲ ನಾನು. ಈ ಗುಡಿಯನ್ನು ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದನೆಂದು ನಮಗೆ ಗೊತ್ತಿರುವುದೇ ಶಾಸನದಿಂದ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಏನಿರುತ್ತದೆ ಎಂದು ವಿವರಿಸಿದೆ. ದೇವರ ಪೂಜೆಗೆ, ನೈವೇದ್ಯಕ್ಕೆ, ಆರದೆ ಉರಿಯುವ ನಂದಾದೀಪದ ಎಣ್ಣೆಗೆ ಇಂಥವರು ಇಷ್ಟು ಭೂಮಿ ಬಿಟ್ಟರು, ಗಾಣದಿಂದ ಇಷ್ಟು ಎಣ್ಣೆ ಕೊಟ್ಟರು. ಮೂಡಲಿಗೆ ಈ ಕಲ್ಲು, ತೆಂಕಲಿಗೆ ಆ ಕೆರೆ, ಹೀಗೆ ಎಲ್ಲೆ ಹೇಳಿ, ಕೊನೆಗೆ ಈ ಧರ್ಮ ಕೆಡಿಸಿದವರಿಗೆ ಶಾಪ. ಎಣ್ಣೆಗೆ ಬಿಟ್ಟ ನೆಲ ಎಂದು ಬಾಯಿ ಹೇಳುತ್ತಿದ್ದ ಹಾಗೆ ಅಕ್ಕನ ತೋಟದ ಕಂಬ ಕಣ್ಣ ಮುಂದೆ ಬಂತು. ನೋಡಿ, ಇದೂ ಎಣ್ಣೆಗೆ ಬಿಟ್ಟ ನೆಲವೇ. ಆಗಿನವರ ಹೆಸರನ್ನು ಕಲ್ಲಿನಲ್ಲಿ ಕೊರೆದರು, ಈಗಿನವರದನ್ನು ಯಾರೂ ಬರೆಯಲಿಲ್ಲ ಎಂದು ಮನಸ್ಸಿನಲ್ಲೇ ದೊಡ್ಡ ಭಾಷಣ ಶುರುವಾಗಿತ್ತು. ಮಕ್ಕಳಿಗೂ ಒಂದಿಷ್ಟು ಹೇಳಿದೆ. "ನೆಲದೊಳಗಿನ ಪೈಪು ಅಂದ್ರೆ ಎತ್ತಿನಹೊಳೆ ಪೈಪಾ ಮಿಸ್?" ಎಂದ ಒಬ್ಬ. ನೀರಿನದಲ್ಲ, ಎಣ್ಣೆಯದು ಎಂದೆ.

ಆಗ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು. "ಈ ಕಲ್ಲಲ್ಲಿ ಇರೋದು ಉಳುತ್ತಿದ್ದೋರ ಹೆಸರಾ ಮಿಸ್? ಅವರನ್ನ ಕೇಳಿ ಕೊಟ್ಟಿದ್ದಾ?"

ನನ್ನ ಭಾಷಣ ಅಲ್ಲಿಗೇ ನಿಂತಿತು. ಶಾಸನಗಳಲ್ಲಿ ಹೆಸರು ಇರುವುದು ಹೆಚ್ಚಾಗಿ ಕೊಟ್ಟ ರಾಜನದು, ದಂಡನಾಯಕನದು, ಹೆಗ್ಗಡೆಯದು, ಊರ ಗೌಡರದು. ಆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸಿನದಲ್ಲ. ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ ಆ ಕಲ್ಲು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಕೇಳುವ ಪದ್ಧತಿ ಒಂದಾದರೂ ಬಂದಿದೆ. ಇಪ್ಪತ್ತೊಂದು ದಿನದ ಆ ನೋಟೀಸು ಅಂದರೆ ಅದೇ. ರಾಜರ ಕಾಲದಲ್ಲಿ ಇಲ್ಲದ ಒಂದು ಪ್ರಶ್ನೆ ಅಕ್ಕನ ಮನೆ ಬಾಗಿಲಿಗೆ ಬಂದಿತ್ತು. ಆ ಪ್ರಶ್ನೆಯನ್ನು ಸೀರೆಯ ಕೆಳಗಿಟ್ಟವಳು ನಾನು.

ಮುಂದಿನ ಭಾನುವಾರ ಅಕ್ಕನ ಊರಿಗೆ ಹೋದೆ. ಅವಳ ಮನೆಯಲ್ಲೂ ಈಗ ಗ್ಯಾಸ್ ಒಲೆ. ಕಾಫಿಗೆ ಹಾಲಿಟ್ಟಿದ್ದಳು. ಇಷ್ಟು ವರ್ಷ ಹೇಳದ ಮಾತನ್ನು ಅಲ್ಲೇ ಹೊಸಿಲ ಹತ್ತಿರ ಕೂತು ಹೇಳಿದೆ. ನೋಟೀಸು ನಾನು ವೇಳೆಗೆ ಓದಲಿಲ್ಲ, ತಕರಾರು ಬರೆಯುವ ದಿನ ದಾಟಿಸಿಬಿಟ್ಟೆ ಎಂದೆ. ಅಕ್ಕ ಹಾಲು ಉಕ್ಕದ ಹಾಗೆ ಉರಿ ತಗ್ಗಿಸಿದಳು.

"ಗೊತ್ತು ಕಣೇ" ಎಂದಳು. "ನಿನ್ನ ಮುಖ ನೋಡಿದಾಗ್ಲೇ ಗೊತ್ತಾಗಿತ್ತು. ನಿಮ್ಮ ಭಾವಂಗೆ ಹೇಳ್ಲಿಲ್ಲ."

"ಬರೆದಿದ್ರೂ ಪೈಪು ಬರ್ತಿತ್ತು ಅಕ್ಕ."

"ಬರ್ತಿತ್ತು. ಬರಬೇಡ ಅಂತಲೂ ನಾನು ಅಂತಿರ್ಲಿಲ್ಲವೇನೋ. ಆ ಘಟ್ಟದಾಗೆ ಸುಟ್ಟೋದ್ರಲ್ಲ, ಅವರೂ ನಮ್ಮ ಹಂಗೇ ಮನೆ ಮಕ್ಕಳಿದ್ದೋರು. ಆದ್ರೆ ಹೋಗೋ ಮುಂಚೆ ಒಂದು ಮಾತು ಆಡಬೇಕು ಅನ್ನಿಸಿತ್ತು. ನಮ್ಮತ್ತೆ ನೆಟ್ಟ ಮರ ಅಂತಾದ್ರೂ ಹೇಳಬೇಕಿತ್ತು." ಕಾಫಿ ಲೋಟ ಮುಂದಿಟ್ಟು, "ಕುಡಿ, ಆರ್ತದೆ" ಎಂದಳು.

ಈ ವರ್ಷ ಮತ್ತೆ ಆ ಪಾಠ ಬಂತು. ಐದು ಅಂಶ ಬರೆದು, ಅದರ ಕೆಳಗೆ ಆರನೆಯದು ಸೇರಿಸಿದೆ: ಪೈಪು ಹಾದುಹೋಗುವುದು ಯಾರದಾದರೂ ಜಮೀನಿನಲ್ಲಿ. ಅವರನ್ನು ಕೇಳಬೇಕೆಂದು ಕಾಯಿದೆ ಇದೆ. ಮನೆಗೆ ನೋಟೀಸು ಬಂದರೆ ಅದೇ ದಿನ ಓದಿ, ದೊಡ್ಡವರಿಗೆ ಅರ್ಥ ಹೇಳಿ, 21 ದಿನದೊಳಗೆ ಉತ್ತರ ಬರೆಯಿರಿ.

"ಇದು ಪರೀಕ್ಷೆಗೆ ಬರುತ್ತಾ ಮಿಸ್?" ಎಂದ ಮುಂದಿನ ಬೆಂಚಿನ ಹುಡುಗ.

"ಬರಲ್ಲ" ಎಂದೆ. "ಬರೆದುಕೊಳ್ಳಿ."