ಹೊನಲಿನ ಗುಟ್ಟು

ಹರಿಯುವ ನೀರು ಎಲ್ಲರ ಕಣ್ಣಿಗೂ ಬೀಳುವುದು. ಅದು ಹರಿಯುವ ಬಗೆಯು ಮಾತ್ರ ಕಾಣದು. ತಿಳಿನೀರಿನಲ್ಲಿ ಸುಳಿಯಾವುದು, ಸೆಳೆತವಾವುದು ಎಂಬುದು ತರಗೆಲೆಯೊಂದು ತೇಲಿಬಂದಾಗಲೇ ಗೊತ್ತಾಗುವುದು. ಲಿಯೊನಾರ್ಡೊ ದ ವಿಂಚಿಯು ಈ ಮರ್ಮವನ್ನರಿತಿದ್ದನು. ಹೃದಯದಿಂದ ಹೊರಡುವ ಮಹಾಧಮನಿಯ ಬುಡದಲ್ಲಿ ರಕ್ತವು ಸುಳಿಗಟ್ಟಿ ಕವಾಟವನ್ನು ಮುಚ್ಚಲು ನೆರವಾಗುವುದೆಂದು ಆತನು 1513ರ ಸುಮಾರಿನಲ್ಲಿ ಊಹಿಸಿ, ಗಾಜಿನ ಧಮನಿಯೊಂದನ್ನು ಮಾಡಿ, ಅದರೊಳಗಣ ನೀರಿಗೆ ಹುಲ್ಲಿನ ಬೀಜಗಳನ್ನು ಹಾಕಿ ನೋಡಬೇಕೆಂದು ಬರೆದಿಟ್ಟನು.

1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸನು ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಬಿಟ್ಟನು. ವೇಗವು ಕಡಮೆಯಾಗಿರುವವರೆಗೆ ಎಳೆಯು ನೂಲಿನಂತೆ ನೆಟ್ಟಗಿದ್ದಿತು. ವೇಗವು ಮೇರೆ ಮೀರಿದೊಡನೆ ಚೆದರಿ ಕೊಳವೆಯನ್ನೆಲ್ಲ ತುಂಬಿತು. ಆದರೆ ಬಣ್ಣವು ಕದಡಿದ ಮೇಲೆ ಒಳಗಿನ ವ್ಯಾಪಾರವು ಮತ್ತೆ ಮರೆಯಾಗುತ್ತಿದ್ದಿತು.

1960ರಲ್ಲಿ ಮೈಮನನು ಲೇಸರ್ ಬೆಳಕನ್ನು ಸಾಧಿಸಿದ ಮೇಲೆ ಈ ಮರೆಯನ್ನು ಸರಿಸುವ ದಾರಿಯು ತೆರೆಯಿತು. ಆ ಕಿರಣವನ್ನು ದುಂಡಾದ ಗಾಜಿನ ಸರಳಿನ ಮೂಲಕ ಹಾಯಿಸಿದರೆ ಅದು ಬೀಸಣಿಗೆಯಂತೆ ಹರಡಿ ತೆಳುವಾದ ಹಾಳೆಯಾಗುವುದು. ನೀರಿನಲ್ಲಿ ಬೆರೆಸಿದ ಧೂಳಿನಂತಹ ಗಾಜಿನ ಕಣಗಳಲ್ಲಿ ಆ ಹಾಳೆಗೆ ಸಿಕ್ಕಿದವು ಮಾತ್ರ ಮಿನುಗುವುವು. ಕ್ಷಣಾಂತರದಲ್ಲಿ ಎರಡು ಛಾಯಾಚಿತ್ರಗಳನ್ನು ತೆಗೆದು, ಕಣಗಳು ಸರಿದ ದೂರವನ್ನು ನಡುವಣ ಕಾಲದಿಂದ ಭಾಗಿಸಿದರೆ ಅಲ್ಲಲ್ಲಿನ ವೇಗವು ದೊರೆಯುವುದು.

ಕೃತಕ ಹೃದಯಕವಾಟಗಳನ್ನು ಪಾರದರ್ಶಕವಾದ ಮಾದರಿಗಳಲ್ಲಿಟ್ಟು ಇಂದು ಹೀಗೆಯೇ ಪರೀಕ್ಷಿಸುವರು. ರಕ್ತವು ನಿಂತಲ್ಲಿ ಹೆಪ್ಪುಗಟ್ಟುವುದು. ರಭಸವು ಮಿತಿಮೀರಿದಲ್ಲಿ ಅದರ ಕಣಗಳು ಒಡೆಯುವುವು. ಎರಡೂ ರೋಗಿಯ ಪ್ರಾಣಕ್ಕೆ ಅಪಾಯಕರ. ಆದರೂ ನೋಡುವವನ ಕಣ್ಣಿಗೆ ಕಾಣುವುದು ಅಂದಿಗೂ ಇಂದಿಗೂ ನೀರಲ್ಲ, ನೀರು ಹೊತ್ತೊಯ್ಯುವ ಕಣ. ಆದುದರಿಂದ ಆ ಕಣವು ನೀರಿನ ನಡೆಯನ್ನು ತಪ್ಪದೆ ಅನುಸರಿಸುವಷ್ಟು ಹಗುರವಾಗಿರಬೇಕು. ಭಾರವಾದ ಸಾಕ್ಷಿಯು ತನ್ನ ಕಥೆಯನ್ನೇ ಹೇಳುವುದು.