ಆಶ್ಟಬ್ಯೂಲದ ಹೊಳೆಯ ಬಳಿ

ನಮ್ಮ ನಾಡಿನಲ್ಲಿ ರೈಲುಪ್ರಯಾಣದ ಚಳಿಯೆಂಬುದು ದೊಡ್ಡ ಮಾತಲ್ಲ. ಪುಷ್ಯಮಾಸದ ರಾತ್ರಿ ಅರಸೀಕೆರೆಯನ್ನು ದಾಟುವಾಗ ಕಿಟಕಿಯ ಸಂದಿನಿಂದ ಗಾಳಿ ಬೀಸಿದರೆ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಳ್ಳುವೆವು. ಮುಂದಿನ ನಿಲ್ದಾಣದಲ್ಲಿ ಒಂದು ಲೋಟ ಬಿಸಿ ಕಾಫಿಯನ್ನು ಕುಡಿಯುವೆವು. ಅಲ್ಲಿಗೆ ಚಳಿಯ ಕಥೆ ಮುಗಿಯಿತು. ಆದುದರಿಂದ ರೈಲುಗಾಡಿಯನ್ನು ಬೆಚ್ಚಗಿಡುವುದೂ ಒಂದು ವಿದ್ಯೆಯೆಂದಾಗಲಿ, ಆ ವಿದ್ಯೆಯನ್ನು ಕಲಿಯುವುದಕ್ಕಾಗಿ ಮನುಷ್ಯರು ಬಹಳ ದೊಡ್ಡ ಬೆಲೆಯನ್ನು ತೆತ್ತರೆಂದಾಗಲಿ ನಮಗೆ ತಿಳಿದಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅಮೆರಿಕಾ ದೇಶದ ಒಹಾಯೊ ಸಂಸ್ಥಾನದಲ್ಲಿ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದಾಗ ಈ ಸಂಗತಿಯು ನಮ್ಮ ಅರಿವಿಗೆ ಬಂದಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುವೆವು.

ಮಗನ ವಾಸ ಕ್ಲೀವ್‌ಲೆಂಡ್ ಪಟ್ಟಣದಲ್ಲಿ. ಊರಿನ ಉತ್ತರಕ್ಕೆ ಈರೀ ಎಂಬ ಮಹಾ ಸರೋವರ. ಸರೋವರವೆಂದರೂ ಕಣ್ಣಿಗೆ ಸಮುದ್ರದಂತೆಯೇ ಕಾಣುವುದು. ಆಚೆಯ ದಡ ಕಾಣಿಸದು. ಚಳಿಗಾಲದ ಆರಂಭದಲ್ಲಿ ನೆಲವೆಲ್ಲ ಹೆಪ್ಪುಗಟ್ಟಿದ್ದರೂ ಸರೋವರದ ನೀರಿನಲ್ಲಿ ಬೇಸಗೆಯ ಬಿಸಿ ಸ್ವಲ್ಪ ಉಳಿದಿರುವುದು. ಉತ್ತರದ ಕೊರೆಯುವ ಗಾಳಿಯು ಆ ನೀರಿನ ಮೇಲೆ ಹಾದು ಬರುವಾಗ ತೇವವನ್ನು ಹೀರಿಕೊಂಡು, ದಡವನ್ನು ಮುಟ್ಟಿದ ಕೂಡಲೇ ಅದನ್ನೆಲ್ಲ ಹಿಮವಾಗಿ ಸುರಿಸುವುದು. ಕ್ಲೀವ್‌ಲೆಂಡಿನಿಂದ ಪೂರ್ವಕ್ಕೆ ಹೋದಂತೆಲ್ಲ ಈ ಹಿಮದ ಹೊಡೆತ ಹೆಚ್ಚು. ಹಾಗೆ ಸುಮಾರು 90 ಕಿಲೋಮೀಟರು ಹೋದರೆ ಸಿಕ್ಕುವ ಊರು ಆಶ್ಟಬ್ಯೂಲ.

ಒಂದು ಭಾನುವಾರ ನಾವೂ, ನಮ್ಮ ಮನೆಯವರೂ, ಮಗನೂ, ಹತ್ತು ವರ್ಷದ ಮೊಮ್ಮಗನೂ ಕಾರಿನಲ್ಲಿ ಅಲ್ಲಿಗೆ ಹೊರಟೆವು. ಆ ಸೀಮೆಯು ಮಾಡು ಹೊದಿಸಿದ ಮರದ ಸೇತುವೆಗಳಿಗೆ ಹೆಸರಾದುದು; ಅವನ್ನು ನೋಡಬೇಕೆಂಬುದೇ ನಮ್ಮ ಉದ್ದೇಶವಾಗಿದ್ದಿತು. ಊರು ದೊಡ್ಡದಲ್ಲ. ಸರೋವರದ ಅಂಚಿನಲ್ಲಿ ಹಳೆಯ ಬಂದರು. ಊರಿನ ನಡುವೆ ಆಳವಾದ ಕಮರಿಯನ್ನು ಕೊರೆದುಕೊಂಡು ಹರಿಯುವ ಹೊಳೆ. ಹೊಳೆಗೂ ಊರಿನ ಹೆಸರೇ. ಮರಗಳು ಎಲೆಯುದುರಿ ಬೋಳಾಗಿದ್ದವು. ಹೊಳೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿ, ನಡುವೆ ಮಾತ್ರ ಕಪ್ಪುನೀರು ಓಡುತ್ತಿದ್ದಿತು. ಕಮರಿಯ ಮೇಲೆ ಕಲ್ಲಿನ ಕಮಾನುಗಳ ರೈಲುಸೇತುವೆ. ಅದನ್ನು ನೋಡುತ್ತ ನಿಂತಿದ್ದಾಗ ಮಗನು, "ಅಪ್ಪ, ಇಲ್ಲಿ ಮೊದಲು ಕಬ್ಬಿಣದ ಸೇತುವೆ ಇತ್ತಂತೆ, ಅದು ಬಿದ್ದುಹೋಯಿತಂತೆ" ಎಂದನು. ಆ ಕಥೆಯನ್ನು ಅವನು ಹೇಳಿದಷ್ಟು, ನಾವು ಅನಂತರ ಓದಿ ತಿಳಿದಷ್ಟು, ಇದು:

1876ನೆಯ ಇಸವಿ ಡಿಸೆಂಬರು 29ನೆಯ ತಾರೀಖು, ಶುಕ್ರವಾರ. ಎರಡು ದಿನಗಳಿಂದ ಹಿಮ ಸುರಿಯುತ್ತಿದ್ದಿತು. ಪೂರ್ವದಿಂದ ಬರುತ್ತಿದ್ದ ಪೆಸಿಫಿಕ್ ಎಕ್ಸ್‌ಪ್ರೆಸ್ ಎಂಬ ಗಾಡಿಯು ಹಿಮದಲ್ಲಿ ಎಳೆಯಲಾರದೆ ಎರಡು ಎಂಜಿನುಗಳನ್ನು ಹೂಡಿಕೊಂಡು, ಹನ್ನೊಂದು ಡಬ್ಬಿಗಳಲ್ಲಿ 150ಕ್ಕೂ ಹೆಚ್ಚು ಜನರನ್ನು ಹೊತ್ತು, ತಡವಾಗಿ ಸಂಜೆ ಏಳೂವರೆಯ ಸುಮಾರಿಗೆ ಈ ಹೊಳೆಯ ಸೇತುವೆಯನ್ನು ಏರಿತು. ನಿಲ್ದಾಣವು ಆಚೆಯ ದಡದಿಂದ ಕೂಗಳತೆಯ ದೂರ. ಮೊದಲನೆಯ ಎಂಜಿನು ದಡವನ್ನು ಮುಟ್ಟುತ್ತಿದ್ದಂತೆಯೇ ಅದರ ಚಾಲಕನಿಗೆ ಹಿಂದಿನ ನೆಲ ಕುಸಿಯುತ್ತಿರುವಂತೆ ತೋರಿತು. ಅವನು ಎಂಜಿನಿಗೆ ಪೂರ್ಣ ವೇಗ ಕೊಟ್ಟು ಆಚೆಗೆ ನೆಗೆದನು, ಕೊಂಡಿ ಮುರಿಯಿತು. ಉಳಿದುದೆಲ್ಲ, ಎರಡನೆಯ ಎಂಜಿನೂ ಅದರ ಹಿಂದಿನ ಡಬ್ಬಿಗಳೂ, ಸೇತುವೆಯೊಡನೆ ಸುಮಾರು 70 ಅಡಿ ಕೆಳಗಿನ ಮಂಜುಗಟ್ಟಿದ ಹೊಳೆಗೆ ಬಿದ್ದುವು. ಬಿದ್ದ ಪೆಟ್ಟಿನಿಂದ ಸತ್ತವರು ಕೆಲವರು. ಆದರೆ ಬದುಕಿದ್ದವರು ಮೇಲೇಳುವ ಮೊದಲೇ ಮುರಿದ ಮರದ ಡಬ್ಬಿಗಳಿಗೆ ಬೆಂಕಿ ಹತ್ತಿಕೊಂಡಿತು. ಊರಿನ ಜನ ಹಿಮದಲ್ಲಿ ಜಾರುತ್ತ ಕಮರಿಗೆ ಇಳಿದು ಬಂದು ಕೈಗೆ ಸಿಕ್ಕವರನ್ನು ಎಳೆದುಹಾಕಿದರು. ಆ ರಾತ್ರಿಯ ದುರಂತದಲ್ಲಿ 92 ಜನ ಸತ್ತರೆಂದು ಲೆಕ್ಕ.

ಊರಿನ ಚೆಸ್ಟ್‌ನಟ್ ಗ್ರೋವ್ ಎಂಬ ಸ್ಮಶಾನದಲ್ಲಿ ಒಂದು ಎತ್ತರವಾದ ಕಲ್ಲುಕಂಬವಿದೆ. ಆ ರಾತ್ರಿ ಗುರುತು ಹಿಡಿಯಲಾರದಂತೆ ಸುಟ್ಟುಹೋದವರ ನೆನಪಿಗಾಗಿ ಅದನ್ನು 1895ರಲ್ಲಿ ನಿಲ್ಲಿಸಿದರು. ಕ್ರೈಸ್ತ ಭಕ್ತಿಗೀತೆಗಳನ್ನು ರಚಿಸಿ ಹೆಸರಾಗಿದ್ದ ಫಿಲಿಪ್ ಬ್ಲಿಸ್ ಎಂಬುವರೂ ಅವರ ಪತ್ನಿಯೂ ಅಂದು ತೀರಿಕೊಂಡವರಲ್ಲಿ ಸೇರಿದವರು. ಅವರು ತಾವು ಹೊರಗೆ ಬಂದಿದ್ದರೂ ಹೆಂಡತಿಯನ್ನು ಬಿಡಲಾರದೆ ಮತ್ತೆ ಒಳಗೆ ಹೋದರೆಂದು ಹೇಳುವರು. ನಮ್ಮ ಮನೆಯವರು ಬಹಳ ಹೊತ್ತು ಆ ಕಂಬದ ಮುಂದೆ ಮಾತಿಲ್ಲದೆ ನಿಂತಿದ್ದರು. ಆಗ ಮೊಮ್ಮಗನು, "ತಾತ, ಗಾಡಿ ಬಿದ್ದುದು ಮಂಜುಗಡ್ಡೆಯ ಮೇಲೆ. ಬೆಂಕಿ ಎಲ್ಲಿಂದ ಬಂತು?" ಎಂದು ಕೇಳಿದನು.

ಹುಡುಗನ ಪ್ರಶ್ನೆ ಸರಿಯಾದುದೇ. ಆ ಬೆಂಕಿಯು ಹೊರಗಿನಿಂದ ಬಂದುದಲ್ಲ. ಪ್ರಯಾಣಿಕರ ನಡುವೆಯೇ ಇದ್ದಿತು. ಆ ಕಾಲದಲ್ಲಿ ಡಬ್ಬಿಗಳನ್ನು ಬೆಚ್ಚಗಿಡಲು ಒಳಗಡೆಯೇ ಕಬ್ಬಿಣದ ಒಲೆಗಳನ್ನು ಇಟ್ಟು ಕಲ್ಲಿದ್ದಲನ್ನೋ ಸೌದೆಯನ್ನೋ ಉರಿಸುತ್ತಿದ್ದರು. ಬೆಳಕಿಗೆ ಎಣ್ಣೆಯ ದೀಪಗಳು. ಗೋಡೆ ಮರ, ನೆಲ ಮರ, ಮೇಲೆ ಬಣ್ಣ ಮೆರುಗೆಣ್ಣೆ. ಗಾಡಿ ಉರುಳಿದರೆ ಒಲೆಯೂ ಉರುಳುವುದು, ಕೆಂಡ ಚೆಲ್ಲುವುದು. ಹೊರಗೆ ಚಳಿ ಹೆಚ್ಚಿದಷ್ಟೂ ಒಲೆಗೆ ಹೆಚ್ಚು ಕಲ್ಲಿದ್ದಲು. ಆದುದರಿಂದ ಅತ್ಯಂತ ಚಳಿಯ ರಾತ್ರಿಯೇ ಅತ್ಯಂತ ಅಪಾಯದ ರಾತ್ರಿ.

ಇದು ಅಂದು ಹೊಸದಾಗಿ ತಿಳಿದ ವಿಷಯವೂ ಅಲ್ಲ. ಇದೇ ಸರೋವರದ ದಡದಲ್ಲಿ, ಪೂರ್ವಕ್ಕೆ, ಬಫಲೋ ಪಟ್ಟಣದ ಬಳಿಯ ಏಂಗೋಲ ಎಂಬಲ್ಲಿ 1867ರ ಡಿಸೆಂಬರು 18ರಂದು ಗಾಡಿಯ ಕಡೆಯ ಡಬ್ಬಿಯು ಹಳಿ ತಪ್ಪಿ ಹಳ್ಳಕ್ಕೆ ಬಿದ್ದು, ಒಲೆಯ ಕೆಂಡದಿಂದ ಉರಿದು ಐವತ್ತರ ಸಮೀಪ ಜನ ಸತ್ತಿದ್ದರು. ಮುಂದೆ ಜಗತ್ತಿನ ಮಹಾಶ್ರೀಮಂತರಾದ ಜಾನ್ ರಾಕಫೆಲ್ಲರ್ ಆ ಗಾಡಿಗೆ ಹತ್ತಬೇಕಾಗಿದ್ದವರು. ನಿಲ್ದಾಣಕ್ಕೆ ತಡವಾಗಿ ಬಂದುದರಿಂದ ಬದುಕಿದರು. ಆಶ್ಟಬ್ಯೂಲದ ಅನಂತರವೂ ಒಲೆಗಳು ಹೋಗಲಿಲ್ಲ. 1887ರ ಫೆಬ್ರವರಿಯಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ಮತ್ತೊಂದು ಗಾಡಿ ಸೇತುವೆಯಿಂದ ಬಿದ್ದು ಹಾಗೆಯೇ ಉರಿಯಿತು. ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆಗ ಜನರ ತಾಳ್ಮೆ ಮುಗಿಯಿತು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವು ಡಬ್ಬಿಗಳೊಳಗಿನ ಒಲೆಗಳ ವಿರುದ್ಧ ಕಾನೂನು ಮಾಡಿತು. ಮೊದಲನೆಯ ಚಿತೆಗೂ ಈ ಕಾನೂನಿಗೂ ನಡುವೆ ಇಪ್ಪತ್ತು ವರ್ಷ ಕಳೆದುಹೋಗಿದ್ದುವು.

ಒಲೆಯನ್ನು ತೆಗೆದರೆ ಚಳಿಗೇನು ಗತಿ? ಇದರ ಉತ್ತರವನ್ನು ನಾವು ಮುಂದಿನ ವಾರ ಕಣ್ಣಾರೆ ಕಂಡೆವು. ಹಳೆಯ ರೈಲುಡಬ್ಬಿಗಳನ್ನು ಕಾಪಾಡಿ ಇಟ್ಟಿರುವ ಒಂದು ಸಂಗ್ರಹಾಲಯವು ಅದೇ ಸಂಸ್ಥಾನದಲ್ಲಿದೆಯೆಂದು ತಿಳಿದು ಮಗನು ನಮ್ಮನ್ನು ಕರೆದುಕೊಂಡು ಹೋದನು. ಅಲ್ಲಿ ಸಂಬಳವಿಲ್ಲದೆ ಪ್ರೀತಿಯಿಂದ ದುಡಿಯುವ ವೃದ್ಧರೊಬ್ಬರಿದ್ದರು. ರೈಲ್ವೆಯಲ್ಲಿ ನಲವತ್ತು ವರ್ಷ ಮಿಸ್ತ್ರಿಯಾಗಿದ್ದವರು. ನಾವು ಆಶ್ಟಬ್ಯೂಲದಿಂದ ಬಂದ ಕಥೆಯನ್ನು ಕೇಳಿದೊಡನೆ, "ಹಾಗಾದರೆ ನೀವು ಡಬ್ಬಿಯ ಒಳಗಲ್ಲ, ಕೆಳಗೆ ನೋಡಬೇಕು" ಎಂದು ನಕ್ಕು, ಕೈದೀಪ ಹಿಡಿದು ಒಂದು ಹಳೆಯ ಉಕ್ಕಿನ ಡಬ್ಬಿಯ ಅಡಿಗೆ ನಮ್ಮನ್ನು ಬಗ್ಗಿಸಿದರು.

ಅವರು ತಿಳಿಸಿದುದರ ಸಾರ ಇಷ್ಟು. ಎಂಜಿನಿನಲ್ಲಿ ಹೇಗೂ ಬೆಂಕಿಯುಂಟು, ಉಗಿಯುಂಟು. ಬೆಂಕಿಯನ್ನು ಅಲ್ಲಿಯೇ ಬಿಟ್ಟು ಉಗಿಯನ್ನು ಮಾತ್ರ ಒಂದು ಕೊಳವೆಯಲ್ಲಿ ಗಾಡಿಯ ಉದ್ದಕ್ಕೂ ಹರಿಸಿದರು. ಡಬ್ಬಿಗೂ ಡಬ್ಬಿಗೂ ನಡುವೆ ಬಾಗುವ ಜೋಡಣೆ. ಪ್ರತಿಯೊಂದು ಡಬ್ಬಿಯಲ್ಲಿಯೂ ಗೋಡೆಯ ಬುಡದಲ್ಲಿ ಓಡಾಡುವ ಕವಲುಕೊಳವೆ. ಉಗಿಯ ಗುಣವನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು: ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆಗೆದಾಗ ಕೈಗೆ ತಗುಲಿದ ಉಗಿಯು ಬಿಸಿನೀರಿಗಿಂತ ಹೆಚ್ಚಾಗಿ ಸುಡುವುದು. ಒಂದು ಗ್ರಾಂ ಕುದಿಯುವ ನೀರು 60 ಡಿಗ್ರಿಗೆ ಇಳಿದರೆ 40 ಕ್ಯಾಲೊರಿ ಶಾಖವನ್ನು ಕೊಡುವುದು. ಅಷ್ಟೇ ಉಗಿಯು ನೀರಾದರೆ, ಬರಿಯ ಆ ಮಾರ್ಪಾಡಿನಲ್ಲಿಯೇ, ಸುಮಾರು 540 ಕ್ಯಾಲೊರಿ ಕೊಡುವುದು.

ಆದರೆ ಉಗಿಯೂ ಸಾಧುವಲ್ಲ. ಮೊದಮೊದಲು ಆಳುಗಳು ಕೈಯಿಂದ ತಿರುಗಿಸುವ ಕವಾಟಗಳೇ ಇದ್ದುವು. ಮರೆತರೆ ಮುಂದಿನ ಡಬ್ಬಿಯವರು ಬೆವರುವರು, ಹಿಂದಿನ ಡಬ್ಬಿಯವರು ನಡುಗುವರು. ಊಟದ ಪಂಕ್ತಿಯಲ್ಲಿ ಮೊದಲ ಎಲೆಗಳಿಗೇ ಪಾಯಸವನ್ನೆಲ್ಲ ಬಡಿಸಿದರೆ ಕೊನೆಯ ಎಲೆಗೆ ಏನು ಉಳಿದೀತು? ಅದಲ್ಲದೆ ಒತ್ತಡ ತುಂಬಿದ ಉಗಿಯ ಕೊಳವೆಯು ಜನರ ಕಾಲ ಬಳಿ ಒಡೆದರೆ ಅನಾಹುತವೇ. ಆದಕಾರಣ ಸಾಕಾದಾಗ ತಾನಾಗಿ ಮುಚ್ಚಿಕೊಳ್ಳುವ ಕವಾಟವೊಂದು ಬೇಕಾಯಿತು. ಶಿಕಾಗೊ ನಗರದ ಎಗ್ಬರ್ಟ್ ಗೋಲ್ಡ್ ಎಂಬುವರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಅವರ ವೇಪರ್ ಕಂಪನಿಯ ಉಪಕರಣಗಳು ಆ ದೇಶದ ಗಾಡಿಗಳಲ್ಲಿ ಹಬ್ಬಿದುವು.

ಆ ಕವಾಟವು ನೋಡುವುದಕ್ಕೆ ತೆಂಗಿನಕಾಯಿಯ ಗಾತ್ರದ ಕಬ್ಬಿಣದ ಮುದ್ದೆ. ಅದರೊಳಗೆ ಸುಕ್ಕುಸುಕ್ಕಾದ ತೆಳುತಗಡಿನ ಒಂದು ಬಿಲ್ಲೆ. ಬಿಲ್ಲೆಯೊಳಗೆ ಬೇಗ ಹಿಗ್ಗುವ ಒಂದು ದ್ರವ. ಉಗಿಯು ಕವಾಟದ ಮೂಲಕ ಒತ್ತಡವನ್ನು ಕಳೆದುಕೊಂಡು ಮೆಲ್ಲಗೆ ಡಬ್ಬಿಯ ಕೊಳವೆಗಳನ್ನು ಹೊಕ್ಕು, ಸುತ್ತಿ, ನೀರಾಗಿ, ಮರಳಿ ಇದೇ ಬಿಲ್ಲೆಯ ಮೇಲೆ ಹಾದು ಹಳಿಗಳ ನಡುವೆ ತೊಟ್ಟಿಕ್ಕುವುದು. ಹಿಂದಿರುಗಿ ಬರುವುದು ನೀರಾಗಿರುವವರೆಗೆ ಬಿಲ್ಲೆ ಸುಮ್ಮನಿರುವುದು. ಡಬ್ಬಿ ಇನ್ನೂ ಶಾಖವನ್ನು ಬೇಡುತ್ತಿದೆಯೆಂದು ಅರ್ಥ. ಕೊಳವೆಗಳೆಲ್ಲ ಬಿಸಿಯಾದ ಮೇಲೆ ಉಗಿಯು ಉಗಿಯಾಗಿಯೇ ಹಿಂದಿರುಗಿ ಬಿಲ್ಲೆಯನ್ನು ಮುಟ್ಟುವುದು. ಒಡನೆಯೇ ದ್ರವ ಹಿಗ್ಗಿ ಬಿಲ್ಲೆ ಉಬ್ಬಿ ಕಡ್ಡಿಯನ್ನು ನೂಕಿ ಬಾಗಿಲನ್ನು ಮುಚ್ಚುವುದು. ತಣ್ಣಗಾದರೆ ತಿರುಗಿ ತೆರೆಯುವುದು. ಕಾವಲಿಗೆ ಆಳು ಬೇಡ.

ವೃದ್ಧರು ಕಾರ್ಯಾಗಾರದ ಸಣ್ಣ ಬಾಯ್ಲರಿನಿಂದ ಉಗಿಯನ್ನು ಬಿಟ್ಟು ಇದನ್ನು ತೋರಿಸಿಯೂ ಕೊಟ್ಟರು. ನಾವೆಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೊದಲು ನೀರು ಹನಿಹನಿಯಾಗಿ ಬಿದ್ದಿತು, ಬಳಿಕ ಧಾರೆಯಾಯಿತು, ಆಮೇಲೆ ತುದಿಯಲ್ಲಿ ಬೆಳ್ಳಗೆ ಒಂದೆಳೆ ಹಬೆ. ಅದರ ಹಿಂದೆಯೇ ಉಗಿಯ ಸದ್ದು ನಿಂತಿತು. "ಸಾಕೆಂದಿತು!" ಎಂದು ಮೊಮ್ಮಗನು ಚಪ್ಪಾಳೆ ತಟ್ಟಿದನು.

"ಮುಚ್ಚುವುದನ್ನು ಕಲಿಸಿದರೆ ಸಾಲದು" ಎಂದರು ಅವರು. "ಉಗಿ ನಿಂತಮೇಲೆ ಕೊಳವೆಯಲ್ಲಿ ನೀರು ಉಳಿದರೆ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿ ಕಬ್ಬಿಣವನ್ನೇ ಸೀಳುವುದು. ಅದಕ್ಕಾಗಿ ಒತ್ತಡ ಇಳಿದಾಗ ತಾನಾಗಿ ತೆರೆದು ನೀರನ್ನು ಹೊರಗೆ ಬಿಡುವ ಇನ್ನೊಂದು ಕವಾಟ ಉಂಟು. ಎಷ್ಟೋ ರಾತ್ರಿ ನಾನು ಪಂಜು ಹಿಡಿದು ಹಿಮದಲ್ಲಿ ಮಲಗಿ ಇವನ್ನು ಕರಗಿಸಿದ್ದೇನೆ." ಅವರ ಎಡಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಚಳಿ ಕಡಿದುದೆಂದು, ನಾವು ಕೇಳದಿದ್ದರೂ, ಅವರೇ ಹೇಳಿದರು. ಪ್ರಯಾಣಿಕರಿಗೆ ಇವರ ಹೆಸರು ತಿಳಿದಿರಲಾರದು.

ಉಗಿಯೆಂಜಿನುಗಳು ಹೋಗಿ ಡೀಸೆಲ್ ಬಂದಮೇಲೂ, ಡಬ್ಬಿಗಳನ್ನು ಬೆಚ್ಚಗಿಡುವುದಕ್ಕಾಗಿಯೇ ಡೀಸೆಲ್ ಎಂಜಿನುಗಳಲ್ಲಿ ಉಗಿಯ ಬಾಯ್ಲರನ್ನು ಇಡುತ್ತಿದ್ದರು. 1971ರಲ್ಲಿ ಆಮ್‌ಟ್ರಾಕ್ ಎಂಬ ಸಂಸ್ಥೆಯು ದೇಶದ ಪ್ರಯಾಣಿಕರ ಗಾಡಿಗಳನ್ನು ವಹಿಸಿಕೊಂಡಾಗ ಇಂಥ ಹಳೆಯ ಡಬ್ಬಿಗಳೇ ಅದರ ಪಾಲಿಗೆ ಬಂದುವು. 1977ರ ಜನವರಿಯ ಘೋರ ಚಳಿಯಲ್ಲಿ ಉಗಿಯ ಕೊಳವೆಗಳು ಹೆಪ್ಪುಗಟ್ಟಿ ಶಿಕಾಗೊ ಕಡೆಯ ಎಷ್ಟೋ ಗಾಡಿಗಳನ್ನು ನಿಲ್ಲಿಸಬೇಕಾಯಿತು. ಬಳಿಕ ಎಂಜಿನಿನಿಂದ ವಿದ್ಯುತ್ತನ್ನು ಕೊಟ್ಟು ಕಾಯಿಸುವ ಪದ್ಧತಿ ಬೇಗಬೇಗನೆ ಹರಡಿ, 1980ರ ದಶಕದ ಆರಂಭಕ್ಕೆ ಅಲ್ಲಿ ಉಗಿಯ ಕಾಲ ಮುಗಿಯಿತು. ಈಗ ಈ ಕವಾಟಗಳನ್ನು ಸಂಗ್ರಹಾಲಯಗಳಲ್ಲಿಯೂ, ಹಳೆಯ ಗಾಡಿಗಳನ್ನು ಪ್ರೀತಿಯಿಂದ ಓಡಿಸುವವರ ಬಳಿಯಲ್ಲಿಯೂ ನೋಡಬೇಕು.

ಊರಿಗೆ ಹೊರಡುವ ಮುನ್ನ ನಯಾಗರ ಜಲಪಾತವನ್ನು ನೋಡುವುದಕ್ಕಾಗಿ ಕ್ಲೀವ್‌ಲೆಂಡಿನಿಂದ ಬಫಲೋಗೆ ಬೆಳಗಿನ ಜಾವದ ಗಾಡಿಯಲ್ಲಿ ಹೊರಟೆವು. ಹೊರಗೆ ಕತ್ತಲೆ, ಹಿಮ. ಒಳಗೆ ಹದವಾದ ಬಿಸಿ. ಶಾಲನ್ನು ತೆಗೆದು ಮಡಿಸಿಟ್ಟೆವು. ಸುತ್ತಲೂ ಜನ ಕಾಲುಚಾಚಿ ನಿದ್ರಿಸುತ್ತಿದ್ದರು. ಆಶ್ಟಬ್ಯೂಲದಲ್ಲಿ ಆ ಗಾಡಿ ನಿಲ್ಲುವುದಿಲ್ಲ. ಮಗನು ಫೋನಿನ ನಕ್ಷೆಯನ್ನು ನೋಡುತ್ತ, "ಅಪ್ಪ, ಈಗ ಹೊಳೆ" ಎಂದನು. ಕಿಟಕಿಗೆ ಮುಖವಿಟ್ಟೆವು, ಕೆಳಗೆ ಕಪ್ಪನ್ನು ಬಿಟ್ಟು ಏನೂ ಕಾಣಲಿಲ್ಲ. ನಾಲ್ಕಾರು ಉಸಿರಿನಲ್ಲಿ ದಾಟಿದೆವು.

ನಮ್ಮ ಮನೆಯವರು ಕೈಮುಗಿದರು. ಮೊಮ್ಮಗನು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನು. ಅವರು ಅವನ ಅಂಗಾಲನ್ನು ಮುಟ್ಟಿ ನೋಡಿ, "ಬೆಚ್ಚಗಿದ್ದಾನೆ" ಎಂದರು.