ಏಡಿಗೆ ನೆಂಟನಾದ ಹೊಳೆ ಸಿಗಡಿ

ಹೊಳೆ ಸಿಗಡಿಗೆ ಹತ್ತಿರದ ನೆಂಟ ಯಾರು? ಸಮುದ್ರದ ಟೈಗರ್ ಸಿಗಡಿಯೋ, ಕಲ್ಲುಸಂದಿಯ ಏಡಿಯೋ? ನಮ್ಮ ಅಘನಾಶಿನಿ ದಂಡೆಯಲ್ಲಿ ಹೀಗೆ ಕೇಳಿದರೆ ಜನ ನಗುತ್ತಾರೆ. ಇಲ್ಲಿ ಸಿಗಡಿ ಯಾವುದಾದರೂ ಶೆಟ್ಲಿಯೇ. ಆದರೆ ವಂಶಾವಳಿ ಹುಡುಕುವ ವಿಜ್ಞಾನಿಗಳ ಉತ್ತರ: ಏಡಿ.

ಈ ಹುಡುಕಾಟಕ್ಕೆ ಬಳಸುವ ದಾಖಲೆಗಳಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ ಮುಖ್ಯವಾದದ್ದು. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಭಾಗ ಸಾಮಾನ್ಯವಾಗಿ ತಾಯಿಯಿಂದಲೇ ಮರಿಗೆ ಬರುತ್ತದೆ. ಟೈಗರ್ ಸಿಗಡಿಯ ಪೂರ್ತಿ ಮೈಟೋಕಾಂಡ್ರಿಯಾ ಜೀನೋಮ್ ಪ್ರಕಟವಾದದ್ದು 2000ರಲ್ಲಿ. ಅದರಲ್ಲಿ ಇರುವುದು 15,984 ಅಕ್ಷರ, 37 ಜೀನ್. ಬೇರೆ ಬೇರೆ ಪ್ರಭೇದಗಳ ಇಂಥ ಅಕ್ಷರಮಾಲೆಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ನೋಡುತ್ತಾ ಹೋದರೆ ಯಾವ ಕವಲು ಮೊದಲು ಒಡೆಯಿತು ಎಂಬುದು ಸಿಗುತ್ತದೆ. ಟೈಗರ್ ಮತ್ತು ಬಿಳಿ ಸಿಗಡಿಗಳ ಕವಲು ಬಹಳ ಹಿಂದೆಯೇ ಬೇರೆಯಾಗಿದೆ. ಹೊಳೆ ಸಿಗಡಿ, ಏಡಿ, ಲಾಬ್‌ಸ್ಟರ್ ಇನ್ನೊಂದು ಕವಲಿನವು.

ನನ್ನ ಆಯಿ ಮೀನು ಮಾರುವವಳು. ಇದನ್ನೆಲ್ಲ ಅವಳಿಗೆ ವಿವರಿಸಿದೆ. ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ಏಡಿ ಹಾಂಗೇ ಹೊಟ್ಟಿಗೆ ಮೊಟ್ಟೆ ಕಟ್ಕಂಡು ತಿರಗೂದಲ ಅದು" ಎಂದಳು.

ಅವಳು ಹೇಳಿದ್ದೇ ಎರಡು ಕವಲುಗಳ ದೊಡ್ಡ ವ್ಯತ್ಯಾಸ. ಟೈಗರ್ ಸಿಗಡಿ ಮೊಟ್ಟೆಯನ್ನು ಕಡಲ ನೀರಿಗೇ ಬಿಟ್ಟು ಹೋಗುತ್ತದೆ. ಮರಿಗಳು ಅಳಿವೆಗೆ, ಗಜನಿಗೆ ಬಂದು ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಹೊಳೆ ಸಿಗಡಿಯ ತಾಯಿ ಮೊಟ್ಟೆಯೊಡೆಯುವ ತನಕ ಅದನ್ನು ಹೊಟ್ಟೆಯಡಿ ಹೊರುತ್ತದೆ. ದೊಡ್ಡ ಜಾತಿಯ ಹೊಳೆ ಸಿಗಡಿಯಂತೂ ಮೊಟ್ಟೆ ಹೊತ್ತು ಉಪ್ಪುನೀರು ಬೆರೆಯುವ ಅಳಿವೆಯವರೆಗೂ ಇಳಿದು ಬರುತ್ತದೆ. ಮರಿಗೆ ಮೊದಲ ದಿನಗಳಲ್ಲಿ ಆ ಉಪ್ಪು ಬೇಕು.

ಹಾಗಾಗಿ ಎರಡನ್ನೂ ಉಳಿಸುವ ದಾರಿ ಒಂದೇ ಅಲ್ಲ. ಒಂದಕ್ಕೆ ಗಜನಿ ಉಳಿಯಬೇಕು. ಇನ್ನೊಂದಕ್ಕೆ ಮೊಟ್ಟೆ ಹೊತ್ತ ತಾಯಿಯನ್ನು ಬಲೆಯಿಂದ ಬಿಡಬೇಕು, ಹೊಳೆಯಿಂದ ಅಳಿವೆಗೆ ಇಳಿಯುವ ದಾರಿಗೆ ಅಡ್ಡ ಕಟ್ಟಬಾರದು. ಆಯಿ ಮೊಟ್ಟೆ ಇದ್ದದ್ದು ಕಂಡರೆ ನೀರಿಗೆ ಬಿಡುತ್ತಾಳೆ. ದೊಡ್ಡ ಹೊಳೆ ಸಿಗಡಿಗೆ ಒಳ್ಳೆಯ ರೇಟು ಇರುವಾಗ ಅದು ಅವಳಿಗೆ ಸಣ್ಣ ನಷ್ಟವಲ್ಲ.

ಸುದ್ದಿಯಲ್ಲಿ ಮಾತ್ರ ಎಲ್ಲವೂ "ಸಿಗಡಿ". ಈ ವರ್ಷ ಸಿಗಡಿ ಚೆನ್ನಾಗಿ ಬಿತ್ತು ಎಂದು ಬರೆದರೆ ಮುಗಿಯಿತು. ಒಂದು ಹೆಚ್ಚಿ ಇನ್ನೊಂದು ಕಾಣೆಯಾಗುತ್ತಿದ್ದರೂ ಓದುವವರಿಗೆ ತಿಳಿಯುವುದಿಲ್ಲ. ಕರಾವಳಿಯಿಂದ ಬರೆಯುವ ಗೆಳೆಯರೇ, ಬುಟ್ಟಿ ಮುಂದೆ ಕೂತವರನ್ನು ಇನ್ನೊಂದು ಪ್ರಶ್ನೆ ಕೇಳಿ: ಯಾವ ಶೆಟ್ಲಿ?